ಮಕ್ಕಳ ನರರೋಗ ತಜ್ಞರು ಆಪರೇಷನ್ ಮಾಡುವವರಲ್ಲ

‘ಮಗುವನ್ನು ನ್ಯೂರಾಲಜಿಸ್ಟ್ ಹತ್ತಿರ ಕಳಿಸಿದರೆ ತಲೆ ಆಪರೇಷನ್ ಗ್ಯಾರಂಟಿ, ಮೊದಲು ಇಇಜಿ ಅಂತ ಕರೆಂಟ್ ಕೊಡ್ತಾರೆ’ ಎಂಬ ಮೆಸೇಜ್ ಹರಿದಾಡುತ್ತಿದೆ. ಎರಡೂ ಸುಳ್ಳು.

ಆಪರೇಷನ್ ಮಾಡುವವರು ನ್ಯೂರೋಸರ್ಜನ್. ಅವರ ತರಬೇತಿಯೇ ಬೇರೆ. ಮಕ್ಕಳ ನರರೋಗ ತಜ್ಞರು ವೈದ್ಯ ಪದವಿ ಮುಗಿಸಿ, ಮಕ್ಕಳ ಚಿಕಿತ್ಸೆಯಲ್ಲೂ ನರರೋಗದಲ್ಲೂ ವರ್ಷಗಟ್ಟಲೆ ಪಳಗಿದವರು. ಫಿಟ್ಸ್ ಬಂದಾಗ ಕಣ್ಣು ಯಾವ ಕಡೆ ತಿರುಗಿತ್ತು, ಯಾವ ಕೈ ಮೊದಲು ಅದುರಿತು, ಎಷ್ಟು ನಿಮಿಷ ಇತ್ತು ಅಂತ ಕೆದಕಿ ಕೇಳುತ್ತಾರೆ. ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಇಇಜಿಯಲ್ಲಿ ತಲೆಗೆ ಅಂಟಿಸುವ ಪುಟ್ಟ ಬಿಲ್ಲೆಗಳು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತವೆ, ಅಷ್ಟೇ. ಒಳಗೆ ಏನನ್ನೂ ಹರಿಸುವುದಿಲ್ಲ. ನೋವೂ ಇಲ್ಲ, ಆಮೇಲೆ ಕೂದಲಿನ ಅಂಟು ತೊಳೆಯೋದೇ ಜಾಸ್ತಿ ಕಿರಿಕಿರಿ. ಔಷಧಿಗೆ ಬಗ್ಗದ ಕೆಲವು ಮೂರ್ಛೆರೋಗಕ್ಕೆ ಆಪರೇಷನ್ ಬೇಕಾಗಬಹುದು. ಆಗ ಸರ್ಜನ್ ಹತ್ತಿರ ಕಳಿಸುತ್ತಾರೆ.