ಹತ್ತಕ್ಕೆ ಒಂಬತ್ತೂವರೆ, ಪೊಲೀಸರಿಗೆ ಎಷ್ಟು?

ಮತ್ತೊಂದು ರಾಜಕೀಯ ರ್‍ಯಾಪ್ ಆಲ್ಬಂ ಬಂದಿದೆ. ನಿಮಗೂ ಗೊತ್ತಾಗಿರುತ್ತದೆ ಬಿಡಿ, ಹಾಡು ಕಿವಿಗೆ ಬೀಳುವ ಮೊದಲೇ ‘ನಮ್ಮ ಕಾಲದ ಅತಿ ಮುಖ್ಯ ದನಿ’ ಎಂಬ ತೀರ್ಪು ಬಂದು ಬಿದ್ದಿರುತ್ತದೆ. 2015ರ ಮಾರ್ಚ್‌ನಲ್ಲಿ ಅಮೆರಿಕದ ರ್‍ಯಾಪರ್ ಕೆಂಡ್ರಿಕ್ ಲಮಾರ್ ಅವರ ಆಲ್ಬಂ ನಿಗದಿಗಿಂತ ವಾರ ಮೊದಲೇ ಹೊರಬಿದ್ದಾಗಲೂ ಹೀಗೇ ಆಯಿತು. ಸುಮಾರು 79 ನಿಮಿಷದ ಆಲ್ಬಂ. ಜನ ಎರಡನೇ ಸಲ ಹಾಕಿ ಕೇಳುವಷ್ಟರಲ್ಲಿ ಮೇರುಕೃತಿ.

ನನಗೆ ಹೀಗೆ ತೀರ್ಪು ಕೊಡುವವರಿಗಿಂತ ಹಳೆಯ ವಿಮರ್ಶಕರೇ ಇಷ್ಟ. ಅವರಲ್ಲಿ ಅಗ್ರಗಣ್ಯರು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರು. 1989ರ ಆಗಸ್ಟ್‌ನಲ್ಲಿ ಅಲ್ಲಿನ ಅಧಿಕಾರಿಯೊಬ್ಬರು ಪ್ರಯಾರಿಟಿ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಗೆ ಪತ್ರ ಬರೆದರು: ಎನ್.ಡಬ್ಲ್ಯೂ.ಎ. ಎಂಬ ರ್‍ಯಾಪ್ ತಂಡದ ಆಲ್ಬಂನಲ್ಲಿರುವ ಒಂದು ಹಾಡು ಪೊಲೀಸರ ಮೇಲೆ ಹಿಂಸೆಗೆ, ಅಗೌರವಕ್ಕೆ ಪ್ರಚೋದಿಸುತ್ತದೆ ಎಂದು. ಎಂಥ ಗದ್ಯ! ಫ್ಲೋ (ಹಾಡುವ ಓಘ), ಬೀಟ್ (ತಾಳ) ಎಂಬ ಕೊರೆತವಿಲ್ಲ, ಸ್ಟಾರ್ ರೇಟಿಂಗ್ ಇಲ್ಲ. ಹಾಡಿದವರ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಕೇಳುಗರು ಆಮೇಲೆ ಸಿಕ್ಕಿಲ್ಲ. ಪತ್ರ ಸುದ್ದಿಯಾಯಿತು, ಆಲ್ಬಂಗೆ ಪುಕ್ಕಟೆ ಪ್ರಚಾರ.

ಪ್ರಚಾರ ಅಂದ ಮೇಲೆ ಆ ಸ್ಟಿಕ್ಕರನ್ನು ಬಿಡುವ ಹಾಗಿಲ್ಲ. 1985ರಲ್ಲಿ ವಾಷಿಂಗ್ಟನ್ನಿನ ರಾಜಕಾರಣಿಗಳ ಪತ್ನಿಯರು ಅಶ್ಲೀಲ ಹಾಡುಗಳಿಂದ ಮಕ್ಕಳ ಕಿವಿ ಉಳಿಸಲು ಸಂಘ ಕಟ್ಟಿದರು. ಸೆನೆಟ್‌ನಲ್ಲಿ ವಿಚಾರಣೆಯೂ ನಡೆಯಿತು. ಕೊನೆಗೆ ಬಂದದ್ದು ‘ಪೋಷಕರೇ, ಎಚ್ಚರ’ ಎನ್ನುವ, ಆಲ್ಬಂ ಮೇಲೆ ಅಂಟಿಸುವ ಕಪ್ಪು-ಬಿಳುಪು ಚೀಟಿ. ಅಂಗಡಿಗೆ ಬಂದ ಹದಿನಾಲ್ಕರ ಹುಡುಗ ಯಾವುದಕ್ಕೆ ಕೈ ಹಾಕಬೇಕೆಂದು ಇಷ್ಟು ಸ್ಪಷ್ಟವಾಗಿ ಯಾವ ವಿಮರ್ಶಕನೂ ಹೇಳಿಕೊಟ್ಟಿಲ್ಲ. ಚೀಟಿ ಸಿಗದ ರ್‍ಯಾಪರ್ ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ! ಆ ಸಂಘದ ಮಹನೀಯರಿಗೆ ಒಂದು ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಲ್ಲಬೇಕಿತ್ತು. ಆದರೆ ಗ್ರ್ಯಾಮಿಯವರೋ, 1989ರಲ್ಲಿ ಮೊದಲ ಸಲ ರ್‍ಯಾಪ್‌ಗೆ ಪ್ರಶಸ್ತಿ ಇಟ್ಟು ಅದನ್ನು ಟಿವಿಯಲ್ಲಿ ತೋರಿಸಲೇ ಇಲ್ಲ. ಗೆದ್ದವರು ಸಮಾರಂಭಕ್ಕೇ ಹೋಗಲಿಲ್ಲ. ಸರಿಯಾಗೇ ಮಾಡಿದರು.

ಈಗ ಎಲ್ಲ ಸುಧಾರಿಸಿದೆ. ಎಫ್‌ಬಿಐ ಗದರಿಸಿದ ಅದೇ ಆಲ್ಬಂ 2017ರಲ್ಲಿ ಅದೇ ದೇಶದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿ ಸೇರಿತು. 2018ರಲ್ಲಿ ಲಮಾರ್‌ಗೆ ಪುಲಿಟ್ಜರ್ ಪ್ರಶಸ್ತಿ. ಶಾಸ್ತ್ರೀಯವೂ ಜಾಝೂ ಅಲ್ಲದ ಸಂಗೀತಕ್ಕೆ ಅದೇ ಮೊದಲು. ಒಂದು ಇಲಾಖೆ ಬೆದರಿಸುತ್ತದೆ, ಇನ್ನೊಂದು ಜೋಪಾನವಾಗಿ ಎತ್ತಿಡುತ್ತದೆ. ನಡುವೆ ಬೇಕಾದದ್ದು 28 ವರ್ಷ, ಅಷ್ಟೇ.

ಲಮಾರ್ ಅವರ ಆ 2015ರ ಆಲ್ಬಂನಲ್ಲಿ ಪೊಲೀಸರನ್ನು ದೂರುವ ಒಂದು ಹಾಡಿನ ಪ್ರದರ್ಶನ ನೋಡಿ ಫಾಕ್ಸ್ ನ್ಯೂಸ್ ಚಾನೆಲ್ಲಿನ ಜೆರಾಲ್ಡೊ ರಿವೇರಾ, ಕಪ್ಪು ಯುವಜನರಿಗೆ ಇತ್ತೀಚೆಗೆ ಜನಾಂಗದ್ವೇಷಕ್ಕಿಂತ ಹಿಪ್‌ಹಾಪ್‌ನಿಂದಲೇ ಹೆಚ್ಚು ಹಾನಿಯಾಗಿದೆ ಎಂದರು. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನಲ್ಲಿ ಎರಿಕ್ ಗಾರ್ನರ್, ಉಸಿರಾಡಲು ಆಗುತ್ತಿಲ್ಲ ಎಂದು ಹೇಳುತ್ತ ಹೇಳುತ್ತಲೇ ಪೊಲೀಸರ ಕೈಯಲ್ಲಿ ಸತ್ತಿದ್ದರು. ಅವರ ಕುತ್ತಿಗೆ ಹಿಡಿದದ್ದು ಹಾಡಲ್ಲ. ರಿವೇರಾ ಮಾತಾಡಿದ ಮರು ತಿಂಗಳೇ ಕ್ಲೀವ್‌ಲ್ಯಾಂಡ್‌ನ ಬೀದಿಯಲ್ಲಿ ಜನ ಪೊಲೀಸರೆದುರು ಅದೇ ಹಾಡಿನ ಪಲ್ಲವಿಯನ್ನು ಘೋಷಣೆಯಾಗಿ ಕೂಗಿದರು. ಹಾಡಿಗೆ ಬೆಚ್ಚಿಬಿದ್ದವರೂ ಅಷ್ಟೇ, ಅದರ ಒಳಪ್ರಾಸ ಎಣಿಸಿ ಹತ್ತಕ್ಕೆ ಒಂಬತ್ತೂವರೆ ಅಂಕ ಕೊಟ್ಟವರೂ ಅಷ್ಟೇ: ದೂರಿನಲ್ಲಿ ಹೊಸತನ ಇದೆಯೇ, ದೂರುವವನ ಭಾಷೆ ಸಭ್ಯವೇ, ಬೀಟ್ ಹಳೆಯ ಆಲ್ಬಂಗಿಂತ ಚೆನ್ನಾಗಿದೆಯೇ ಎಂದೇ ನೋಡುತ್ತ ಕೂತರು. ಯಾರ ಮೇಲೆ ದೂರು ಎಂದು ಕೇಳಲು ಇನ್ನೆಷ್ಟು ಆಲ್ಬಂ ಬರಬೇಕು? ಸಾಕಾಗಿ ಹೋಗಿದೆ.