ಕಡಲೆಕಾಳಿನ ಮುಂದೆ ಖಂಡಾಲಾ

ನವಿ ಮುಂಬೈಯ ಕಳಂಬೋಲಿಯಲ್ಲಿ ಉಕ್ಕಿನ ಸುರುಳಿ (ಕಾಯಿಲ್) ಹೇರಿಕೊಂಡು ಹುಬ್ಬಳ್ಳಿ ಕಡೆಗೆ ಹೊರಟ ಹಳೆಯ ಲಾರಿಯ ಆರೋಗ್ಯ ಗೊತ್ತಾಗುವುದು ಗ್ಯಾರೇಜಿನಲ್ಲಲ್ಲ, ಖಂಡಾಲಾ ಘಾಟಿನಲ್ಲಿ. ಖೋಪೋಲಿ ದಾಟಿ ಏರು ಶುರುವಾದದ್ದೇ ತಡ, ಗಾಡಿ ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುತ್ತದೆ. ಕೊನೆಗೆ ಕ್ಲೀನರ್ ಕೆಳಗಿಳಿದು ನಡೆದರೆ ಅವನೇ ಮೊದಲು ಲೋಣಾವಳ ಸೇರುತ್ತಾನೆ ಎಂಬ ಪರಿಸ್ಥಿತಿ ಬಂದಾಗ ಮಾಲಕರಿಗೆ ಫೋನು ಹೋಗುತ್ತದೆ.

"ಸಾವ್ಕಾರ್ರ, ಗಾಡಿ ದಮ್ ಕಟ್ಟೇತ್ರೀ."

"ಮೊನ್ನೇನ ಫಿಲ್ಟರ್ ಹಾಕಿಸೇನಲ್ಲೋ!"

ಇಲ್ಲಿಂದ ಖರ್ಚಿನ ಮೆರವಣಿಗೆ ಹೊರಡುತ್ತದೆ. ಮೊದಲು ಮತ್ತೊಮ್ಮೆ ಫಿಲ್ಟರ್. ಆಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆದು ತಳ್ಳುವ ಫೀಡ್ ಪಂಪಿನ ಕಿಟ್. ಅದಾದ ಮೇಲೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಆರೂ ನಾಜಲ್‌ಗಳು ಚೀಲದಲ್ಲಿ ಕೂತು ಪಂಪ್ ರಿಪೇರಿ ಅಂಗಡಿಗೆ ಹೋಗಿ ಬರುತ್ತವೆ. ಗುಣವಾಗದಿದ್ದರೆ ನಾಜಲ್‌ಗಳಿಗೆ ಡೀಸೆಲ್ ಒತ್ತುವ ದೊಡ್ಡ ಪಂಪೇ ಇಳಿಯುತ್ತದೆ. ಕೊನೆಯಲ್ಲಿ ಡ್ರೈವರನ್ನೇ ಬದಲಾಯಿಸುತ್ತಾರೆ. ಇಷ್ಟೆಲ್ಲ ನಡೆಯುವಾಗ ಪಂಪಿನ ಮಗ್ಗುಲಲ್ಲಿ ಒಂದು ಬೋಲ್ಟು ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತದೆ. ಅದು ಬೋಲ್ಟಲ್ಲ, ಓವರ್‌ಫ್ಲೋ ವಾಲ್ವ್. ಬೋಲ್ಟಿನ ವೇಷ ಹಾಕಿದ್ದರಿಂದ ಯಾರ ಅನುಮಾನವೂ ಅದರ ಮೇಲೆ ಹೋಗುವುದಿಲ್ಲ. ಅಗ್ಗದ ಸಾಮಾನನ್ನು ಅನುಮಾನಿಸಲು ದುಬಾರಿ ಮಿಸ್ತ್ರಿಗೆ ನಾಚಿಕೆ ಬೇರೆ.

ಅದರ ಹೊಟ್ಟೆಯಲ್ಲಿರುವುದು ಇಷ್ಟೇ: ಕಡಲೆಕಾಳಿಗಿಂತ ದೊಡ್ಡದಲ್ಲದ ಒಂದು ಉಕ್ಕಿನ ಗುಂಡು, ಅದನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗು. ಫೀಡ್ ಪಂಪು ಬೇಕಾದ್ದಕ್ಕಿಂತ ಹೆಚ್ಚೇ ಡೀಸೆಲ್ ತಳ್ಳುತ್ತದೆ. ದೊಡ್ಡ ಪಂಪಿನೊಳಗಿನ ಓಣಿಯಲ್ಲಿ, ಅಂದರೆ ಗ್ಯಾಲರಿಯಲ್ಲಿ, ಆ ಡೀಸೆಲ್ ಒತ್ತಡದಲ್ಲಿ ನಿಲ್ಲಬೇಕು. ಹೆಚ್ಚಾದದ್ದು ಗುಂಡನ್ನು ಎತ್ತಿಕೊಂಡು, ಗಾಳಿಯ ಗುಳ್ಳೆಗಳನ್ನೂ ಬಿಸಿಯನ್ನೂ ಹೊತ್ತು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸಾಗಬೇಕು. ಡೀಸೆಲ್ ಒತ್ತುವ ದಂಡಗಳು (ಪ್ಲಂಜರ್) ಸಾಲಾಗಿ ನಿಂತಿರುವ ಹಳೆಯ ಇನ್‌ಲೈನ್ ಪಂಪುಗಳಲ್ಲಿ ಸಾಮಾನ್ಯವಾಗಿ ಈ ಒತ್ತಡ 1ರಿಂದ 1.5 ಬಾರ್. ಕೆಲವು ಪಂಪುಗಳಿಗೆ ಇನ್ನೂ ಹೆಚ್ಚು ಬೇಕು, ಆಯಾ ಎಂಜಿನ್ನಿನ ಪುಸ್ತಕದ ಅಂಕಿಯೇ ಕೊನೆಯ ಮಾತು. ವರ್ಷಗಟ್ಟಲೆ ಕುಣಿದು ಸ್ಪ್ರಿಂಗು ಸೋತರೆ, ಅಥವಾ ಗುಂಡು ಕೂರುವ ಜಾಗ ಸವೆದರೆ, ಡೀಸೆಲ್ ಗ್ಯಾಲರಿಯಲ್ಲಿ ನಿಲ್ಲದೆ ನೇರ ಟ್ಯಾಂಕಿಗೆ ವಾಪಸ್ ಹರಿಯುತ್ತದೆ.

ಅಷ್ಟಕ್ಕೇ ಲಾರಿ ಯಾಕೆ ಸೋಲಬೇಕು? ಲೆಕ್ಕ ಹಾಕಿ. ಎಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿದ್ದರೆ ಪಂಪು ಅದರ ಅರ್ಧ, ಅಂದರೆ 1000. ಒಂದೊಂದು ಪ್ಲಂಜರೂ ಸೆಕೆಂಡಿಗೆ ಹದಿನಾರು ಸಲಕ್ಕಿಂತ ಹೆಚ್ಚು ತುಂಬಿ ಖಾಲಿಯಾಗಬೇಕು. ಡೀಸೆಲ್ ಒಳಬರುವ ಕಿಂಡಿ ತೆರೆದಿರುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ಒತ್ತಡವಿದ್ದರೆ ಡೀಸೆಲ್ ನುಗ್ಗುತ್ತದೆ, ಇಲ್ಲದಿದ್ದರೆ ಅರೆಹೊಟ್ಟೆ. ಐಡ್ಲಿಂಗಿನಲ್ಲಿ ಎಲ್ಲ ಸರಿ, ಖಾಲಿ ಗಾಡಿಯಲ್ಲೂ ಸರಿ. ಲೋಡು ಹೇರಿ ಏರು ಹತ್ತಿದಾಗಲೇ ಬಣ್ಣ ಬಯಲು. ಜತೆಗೆ ಮುಂಜಾನೆ ಬೇಗ ಸ್ಟಾರ್ಟ್ ಆಗದ ರೋಗ: ಗುಂಡು ಸರಿಯಾಗಿ ಕೂರದೆ ರಾತ್ರಿಯೆಲ್ಲ ಗ್ಯಾಲರಿ ಬಸಿದುಹೋಗಿರುತ್ತದೆ.

ಹಾಗಂತ ಕೇಳಿದ ಕೂಡಲೇ ವಾಲ್ವ್ ಕೊಳ್ಳುವುದೂ ಅದೇ ಜಾತಿಯ ತಪ್ಪು. ಫಿಲ್ಟರಿನಿಂದ ಪಂಪಿಗೆ ಬರುವ ಪೈಪಿನ ಬಾಯಿಗೆ ಮೂರು ಬಾಯಿಯ ಟೀ ಜಾಯಿಂಟು ಹಾಕಿ ಒತ್ತಡದ ಗೇಜು ಕೂರಿಸಿ. ಒತ್ತಡ ಕಡಿಮೆ ತೋರಿಸಿತೋ, ಎಂಜಿನ್ ಓಡುತ್ತಿರುವಾಗ ರಿಟರ್ನಿನ ರಬ್ಬರ್ ಪೈಪನ್ನು ಎರಡು ಮೂರು ಸೆಕೆಂಡ್ ಹಿಚುಕಿ ಹಿಡಿಯಿರಿ. ಗೇಜಿನ ಮುಳ್ಳು ಎದ್ದರೆ ಫೀಡ್ ಪಂಪು, ಫಿಲ್ಟರು ಎರಡೂ ನಿರಪರಾಧಿಗಳು, ಕಳ್ಳ ವಾಲ್ವೇ. ಮುಳ್ಳು ಅಲ್ಲಾಡದಿದ್ದರೆ ವಾಲ್ವ್ ಬಿಟ್ಟು ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹುಡುಕುತ್ತ ಹೋಗಿ. ಪೈಪು ಕಬ್ಬಿಣದ್ದಾದರೆ ಹಿಚುಕುವ ಸಾಹಸ ಬೇಡ. ಆ ಸಾಹಸ ಮಾಡಿದವರು ಆಮೇಲೆ ಪೈಪೂ ಕೊಂಡಿದ್ದಾರೆ.

ಬಾಯಿ ಹಚ್ಚಿ ಊದುವ ಪರೀಕ್ಷೆಯೂ ಚಾಲ್ತಿಯಲ್ಲಿದೆ. ಮನುಷ್ಯನ ಪುಪ್ಪುಸಕ್ಕೆ 1 ಬಾರ್ ಒತ್ತಡ ಹುಟ್ಟಿಸುವ ತಾಕತ್ತಿಲ್ಲ, ತುತ್ತೂರಿ ಊದುವವನಿಗೂ ಇಲ್ಲ. ಆದ್ದರಿಂದ ಪಂಪಿನ ಕಡೆಯಿಂದ ಊದಿದಾಗ ಗಾಳಿ ಸಲೀಸಾಗಿ ದಾಟಿದರೆ ವಾಲ್ವ್ ಸತ್ತಿದೆ ಎಂದೇ ಅರ್ಥ. (ಕೆಲವು ವಾಲ್ವುಗಳಲ್ಲಿ ಬೇಕೆಂದೇ ಸಣ್ಣ ತೂತು ಬಿಟ್ಟಿರುತ್ತಾರೆ, ಎಳೆಯಷ್ಟು ಗಾಳಿ ಹೋದರೆ ಗಾಬರಿ ಬೇಡ.) ದಾಟದಿದ್ದರೆ? ಏನೂ ಗೊತ್ತಾಗಲಿಲ್ಲ, ಬಾಯಿ ಮಾತ್ರ ಕಹಿಯಾಯಿತು.

ಇನ್ನು ಬದಲಿಸುವ ಕೆಲಸ. ಕೆಲಸ ಹತ್ತು ನಿಮಿಷದ್ದು, ಎಡವಟ್ಟುಗಳಿಗೆ ಇಡೀ ದಿನ ಸಾಲದು.

ಮೊದಲು ತೊಳೆಯಿರಿ. ಪ್ಲಂಜರಿಗೂ ಅದು ಆಡುವ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು. ಬ್ರಷ್ಷು, ಡೀಸೆಲ್ ಹಿಡಿದು ಪಂಪಿನ ಸುತ್ತಲಿನ ಮಣ್ಣು ತೆಗೆಯದೆ ಪಾನಾ (ಸ್ಪ್ಯಾನರ್) ಹಾಕಿದರೆ, ವಾಲ್ವ್ ಹೊರಗೆ, ಮುಂಬೈಯ ಧೂಳು ಒಳಗೆ. ಬಿಚ್ಚಿದ ತೂತಿಗೆ ಬನಿಯನ್ ಬಟ್ಟೆಯ ಚಿಂದಿ ತುರುಕುವವರಿದ್ದಾರೆ, ಅದರ ದಾರ ಪಂಪಿನೊಳಗೆ ಸಂಸಾರ ಹೂಡುತ್ತದೆ. ತಂಬಾಕಿನ ಖಾಲಿ ಪಾಕೀಟಿನಿಂದ ಮುಚ್ಚುವವರೂ ಇದ್ದಾರೆ. ಶುಭ್ರವಾದ ಪ್ಲಾಸ್ಟಿಕ್ ಹಾಳೆ, ಒಂದು ರಬ್ಬರ್ ಬ್ಯಾಂಡು ಸಾಕು. ಮಳೆಗಾಲದಲ್ಲಿ ಪನವೇಲ್ ಕಡೆ ಮಳೆ ಹಿಡಿಯಿತೆಂದರೆ ಬಯಲಲ್ಲಿ ಪಂಪು ತೆರೆಯಲೇ ಬೇಡಿ. ತಾಡಪತ್ರಿ ಲೋಡಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ವಾಲ್ವಿನ ತಲೆ ಸಾಮಾನ್ಯವಾಗಿ 17 ಅಥವಾ 19ರ ಪಾನಾಕ್ಕೆ ಸಿಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದು ಪಂಪಿನ ಮೇಲಲ್ಲ, ಫಿಲ್ಟರಿನ ತಲೆಯಲ್ಲಿ ಕೂತಿರುತ್ತದೆ. ಸಿಗದಿದ್ದರೆ ಟ್ಯಾಂಕಿನಿಂದ ರಿಟರ್ನ್ ಪೈಪು ಹಿಡಿದು ಬನ್ನಿ, ತಾನಾಗಿ ಸಿಗುತ್ತದೆ.

ಈಗ ನಿಜವಾದ ಖಳನಾಯಕನ ಪ್ರವೇಶ. ಡೀಸೆಲ್ ಒಳಗೆ ಬರುವ ಪೈಪಿಗೆ ಹಾಕಿರುವ ಸಾದಾ ಪೊಳ್ಳು ಬೋಲ್ಟು (ಬ್ಯಾಂಜೋ ಬೋಲ್ಟು) ಮತ್ತು ಈ ವಾಲ್ವು ಅನೇಕ ಪಂಪುಗಳಲ್ಲಿ ಅವಳಿ ಜವಳಿ. ಅದೇ ಆಟೆ (ಥ್ರೆಡ್), ಅದೇ ತಲೆ, ಅದೇ ಕಿಲುಬು. ಬೋಲ್ಟಿನೊಳಗೆ ನೋಡಿದರೆ ಆರಪಾರ ತೂತು; ವಾಲ್ವಿನೊಳಗೆ ಗುಂಡು ಕಾಣುತ್ತದೆ, ಕಡ್ಡಿಯಿಂದ ಒತ್ತಿದರೆ ಸ್ಪ್ರಿಂಗು ಎದುರು ಒತ್ತುತ್ತದೆ. ಎರಡನ್ನೂ ಬಿಚ್ಚಿ ಒಂದೇ ತಟ್ಟೆಯಲ್ಲಿ ಡೀಸೆಲ್ ಸ್ನಾನ ಮಾಡಿಸಿದಿರೋ, ಮದುವೆ ಮನೆಯಲ್ಲಿ ಚಪ್ಪಲಿ ಬಿಟ್ಟ ಹಾಗೆ. ಅದಲು ಬದಲಾದರೆ ಒಳಬರುವ ದಾರಿಗೆ ಗುಂಡು ಅಡ್ಡ ಕೂರುತ್ತದೆ, ಪಂಪಿಗೆ ಡೀಸೆಲ್ಲೇ ಇಲ್ಲ. ವಾಲ್ವ್ ಎಲ್ಲೋ ಕಳೆದು ಎರಡೂ ಕಡೆ ಸಾದಾ ಬೋಲ್ಟೇ ಬಿದ್ದರೆ ಇನ್ನೂ ಚೆಂದ: ಗಾಡಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡುತ್ತದೆ, ಘಾಟಿನಲ್ಲಿ ಮಾತ್ರ ಮತ್ತೆ ಅದೇ ರಾಗ. ಇಂಥ ಗಾಡಿಗಳು ಎಷ್ಟೋ ವರ್ಷ ಹಾಗೇ ಓಡುತ್ತವೆ, ಡ್ರೈವರುಗಳು ಬದಲಾಗುತ್ತ ಹೋಗುತ್ತಾರೆ.

"ಸ್ಪ್ರಿಂಗ್ ಎಳದು ಉದ್ದ ಮಾಡಿದ್ರಾತ್ರೀ" ಎಂಬ ಸಲಹೆ ಈ ಹಂತದಲ್ಲಿ ಯಾರಾದರೊಬ್ಬರಿಂದ ಬಂದೇ ಬರುತ್ತದೆ. ಎಳೆದ ಸ್ಪ್ರಿಂಗು ಪುಣೆ ಮುಟ್ಟಿಸುತ್ತದೆ. ಆಮೇಲೆ ಖಂಬಾಟ್ಕಿ ಘಾಟ್ ಬರುತ್ತದೆ.

ಹೊಸ ವಾಲ್ವನ್ನು ಹಳೆಯದರ ಮೇಲಿನ ನಂಬರ್ ನೋಡಿಯೇ ತನ್ನಿ, "ಇದರಂಥದ್ದೇ" ಎಂದು ತೋರಿಸಿ ತಂದದ್ದು ಬೇರೆ ಒತ್ತಡದ್ದಿರಬಹುದು. ಅಂಗಡಿಯಲ್ಲಿ ಪಂಪಿನ ಹೆಸರು ಕೇಳಿದರೆ ಮರಾಠಿ, ಹಿಂದಿ, ಕನ್ನಡ ಯಾವ ಭಾಷೆಯವನೂ "ಮೈಕೋ" ಎನ್ನುತ್ತಾನೆ. 1951ರಲ್ಲಿ ಶುರುವಾದ ಬೆಂಗಳೂರಿನ ಈ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ಕಳಂಬೋಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನಮ್ಮವರಿಗೆ ಇದರಲ್ಲಿ ಸಣ್ಣದೊಂದು ಹೆಮ್ಮೆಯೂ ಉಂಟು.

ಎರಡು ತಾಮ್ರದ ವಾಷರ್ ಹೊಸದಾಗಿ ಹಾಕಿ, ಪೈಪಿನ ಕಣ್ಣಿಯ ಆಚೆಗೊಂದು ಈಚೆಗೊಂದು. ಒಂದೇ ಹಾಕಿ ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಸೋರಿಕೆ ಹುಡುಕುವುದು ಈ ಕಸುಬಿನ ಪುರಾತನ ಸಂಪ್ರದಾಯ. ನಡುರಾತ್ರಿ ಅಂಗಡಿ ಇಲ್ಲದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮೆತ್ತಗಾಗುತ್ತದೆ. ಮೇಲಿನ ಕರಿ ಒರೆಸಿ ಹಾಕಿದರೆ ಊರು ಮುಟ್ಟಿಸುತ್ತದೆ. ಬಿಗಿಯುವಾಗ 30 ನ್ಯೂಟನ್ ಮೀಟರಿನ ಆಸುಪಾಸು, ಅಂದರೆ ಗಿಡ್ಡ ಪಾನಾಕ್ಕೆ ಒಂದು ಕೈ ಬಲ. ಒಳಗೆ ಪೊಳ್ಳಾದ ಬೋಲ್ಟದು. ಸೋರಿತೆಂದು ಪಾನಾಕ್ಕೆ ಪೈಪು ಸಿಕ್ಕಿಸಿ ತಿರುವಿದರೆ ಟಪ್ ಎನ್ನುತ್ತದೆ, ಅರ್ಧ ಕೈಗೆ, ಅರ್ಧ ಪಂಪಿಗೆ.

ಉಳಿದದ್ದು ಏರ್ ತೆಗೆಯುವುದು. ಫಿಲ್ಟರ್ ಮೇಲಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ನೊರೆ ಹೋಗಿ ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಮುಚ್ಚಿ, ಆಮೇಲೆ ಪಂಪಿನ ಸ್ಕ್ರೂ. ಮತ್ತೂ ಒತ್ತುತ್ತ ಹೋದರೆ ಕೈಗೆ ಭಾರ ತಾಗುತ್ತದೆ, ಹೊಸ ವಾಲ್ವ್ ಗುಬ್ಬಿಯ ಹಾಗೆ ಚಿಂವ್ ಎನ್ನುತ್ತದೆ. ಈ ಸದ್ದು ಕೇಳಿದವರ ಮುಖ ನೋಡಬೇಕು. ಗುಂಡು ಎದ್ದು ಕೂರುತ್ತಿದೆ, ಗ್ಯಾಲರಿ ತುಂಬಿದೆ ಎಂದರ್ಥ. ಹ್ಯಾಂಡ್ ಪಂಪಿನ ಗುಬುಟನ್ನು ತಿರುವಿ ಕೂರಿಸುವುದನ್ನು ಮರೆತರೆ ಅಲ್ಲಿಂದಲೇ ಮತ್ತೆ ಸೋರಿಕೆ.

ಆಮೇಲೂ ಸ್ಟಾರ್ಟ್ ಆಗದಿದ್ದರೆ ಎರಡು ಮೂರು ನಾಜಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10-15 ಸೆಕೆಂಡು, ನಡುವೆ ಒಂದು ನಿಮಿಷ ಬಿಡುವು. ಚಿಮ್ಮುವ ಡೀಸೆಲ್ಲಿಗೆ ಬೆರಳೊಡ್ಡಬೇಡಿ, ಇಷ್ಟು ಒತ್ತಡದ ಎಳೆ ಚರ್ಮ ತೂರಿ ಒಳಹೋದರೆ ಅದು ಆಸ್ಪತ್ರೆಯ ಕೆಲಸ. ನಟ್ಟು ಸಡಿಲಿಸುವ ಈ ಉಪಾಯ ಹಳೆಯ ಪಂಪಿಗೆ ಮಾತ್ರ. ಈಗಿನ ಕಾಮನ್ ರೇಲ್ ಗಾಡಿಗಳಲ್ಲಿ ಒತ್ತಡ 1600 ಬಾರ್ ದಾಟುತ್ತದೆ, ಅಲ್ಲಿ ವಾಲ್ವಿಗೆ ವೈರೂ ಇದೆ, ಬದಲಿಸಿದ ಮೇಲೆ ಸ್ಕ್ಯಾನರಿನ ಅಪ್ಪಣೆಯೂ ಬೇಕಾಗಬಹುದು. ಅದರ ಪುರಾಣ ಬೇರೆ.

ಹಳೆಯ ಗಾಡಿಗೇ ಬರೋಣ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಎರಡೂ ಮಲಗಿದವು, ನಾಜಲಿನಲ್ಲಿ ಹನಿಯೂ ಇಲ್ಲ. ಪಕ್ಕದ ಲಾರಿಯ ಡ್ರೈವರುಗಳೂ ಬಂದು ನಿಂತಿದ್ದಾರೆ, ತಲೆಗೊಂದು ರೋಗ ಹೆಸರಿಸುತ್ತಿದ್ದಾರೆ. ಆಗ ಇಷ್ಟು ಹೊತ್ತು ಬಾಯಿ ಬಿಡದ ಕ್ಲೀನರ್ ಹುಡುಗ ಕ್ಯಾಬಿನ್ ಒಳಗಿಂದ ಕೇಳುತ್ತಾನೆ: "ಅಣ್ಣಾ, ಈ ಸ್ಟಾಪ್ ಕೇಬಲ್ ಹೊರಗ ಎಳದೇ ಐತಲ್ಲ, ಇರಲೇನ?" ಗಾಡಿ ಬಂದ್ ಮಾಡಲು ಎಳೆದದ್ದು ಹಾಗೇ ಉಳಿದಿದೆ. ಗ್ಯಾಲರಿ ತುಂಬುತ್ತದೆ, ಗುಬ್ಬಿ ಚಿಂವ್ ಎನ್ನುತ್ತದೆ, ನಾಜಲಿಗೆ ಮಾತ್ರ ತೊಟ್ಟೂ ಹೋಗುವುದಿಲ್ಲ.

ಸ್ಟಾರ್ಟ್ ಆದ ಮೇಲೆ ನಟ್ಟು ಬಿಗಿದು, ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ನೋಡಿ. ಪಂಪಿನ ಕಡೆ ಸೋರಿದರೆ ಒದ್ದೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಹಾಗಲ್ಲ, ಅಲ್ಲಿ ಎಳೆತ, ಡೀಸೆಲ್ ಹೊರಬರದೆ ಗಾಳಿ ಒಳಹೋಗುತ್ತದೆ. ಒಣಗಿದ್ದನ್ನೂ ನಂಬಬೇಡಿ.

ಕಿತ್ತ ವಾಲ್ವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹಾಕುವ ಮೊದಲು ಕಲ್ಲಿನ ಮೇಲಿಟ್ಟು ಆಟೆಗೆ ಸುತ್ತಿಗೆಯಿಂದ ಎರಡು ಏಟು ಬಿಗಿಯಿರಿ. ಹುಡುಗ ಸಂಕಟಪಡುತ್ತಾನೆ.

"ಯಾಕಣ್ಣಾ ಕೆಡಸ್ತಿ, ನೋಡಾಕ ಚಲೋನ ಐತಲ್ಲ?"

"ನೋಡಾಕ ಚಲೋ ಐತಿ ಅಂತನ."