ಹೊಸ ಜಾವಾಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಡಿ: ಒಂದು ಸ್ಪಷ್ಟನೆ

ಶಿರಸಿ, ಕುಮಟಾ, ಕಾರವಾರದ ಬೈಕ್ ಬಳಗಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮೈಸೂರಿನ ಹಳೆಯ ಜಾವಾ, ಈಗಿನ ಜಾವಾ ಎರಡಕ್ಕೂ ಒಂದೇ ಎಂಜಿನ್. ದೇವಿಮನೆ ಘಟ್ಟ ಹತ್ತುವ ಮುನ್ನ ಪೆಟ್ರೋಲಿಗೆ ಆಯಿಲ್ ಬೆರೆಸಿ’ ಎಂಬುದು ಅದರ ಸಾರ. ಇದು ತಪ್ಪು.

1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ 250 ಟೂ ಸ್ಟ್ರೋಕ್ ಗಾಡಿ. ಅದರಲ್ಲಿ ಕ್ರ್ಯಾಂಕ್, ಬೇರಿಂಗ್, ಪಿಸ್ಟನ್‌ಗಳಿಗೆ ಜಿಡ್ಡು ಸಿಗುವುದೇ ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ತಂದ ಜಾವಾದ್ದು 293 ಸಿಸಿಯ, ಲಿಕ್ವಿಡ್ ಕೂಲ್ಡ್ (ದ್ರವದಿಂದ ತಂಪಾಗುವ), ಫೋರ್ ಸ್ಟ್ರೋಕ್ ಎಂಜಿನ್. ಜೋಡಿ ಸೈಲೆನ್ಸರ್, ಟ್ಯಾಂಕಿನ ಆಕಾರ ಹಳೆಯದರಂತೆಯೇ ಇರುವುದರಿಂದ ಗೊಂದಲವಾಗಿರಬಹುದು. ಆದರೆ ಇದರ ಎಂಜಿನ್ ಆಯಿಲ್‌ಗೆ ಬೇರೆಯೇ ಜಾಗವಿದೆ. ಪೆಟ್ರೋಲಿಗೂ ಬೆರೆಸಿದರೆ ಹೊಗೆ ಬರುತ್ತದೆ, ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಸೈಲೆನ್ಸರ್ ಒಳಗಿನ, ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವ ಭಯವೂ ಇದೆ. ಗಾಡಿಯ ಜೊತೆ ಕೊಟ್ಟ ಕೈಪಿಡಿಯನ್ನು ತೆರೆದು ನೋಡಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಹೊಸ ಗಾಡಿಗೆ ಆಯಿಲ್ ಬೆರೆಸಿದ್ದರೆ ಸ್ಟಾರ್ಟ್ ಮಾಡದೆ, ಮೆಕ್ಯಾನಿಕ್‌ ಅವರನ್ನು ಕರೆಸಿ ಟ್ಯಾಂಕ್ ಖಾಲಿ ಮಾಡಿಸಿ.